ಎಂಟು ವರ್ಷದ ಮಗ ಕೆಳಗಿನ ಅಂಗಡಿಗೂ ಒಬ್ಬನೇ ಹೋಗಲ್ಲ, ಧೈರ್ಯ ತುಂಬುವುದು ಹೇಗೆ?

ಧಾರವಾಡದಿಂದ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೇಲೆ ಮಗ ನಿಮ್ಮ ಸೆರಗು ಬಿಡುತ್ತಿಲ್ಲ, ಅಂಗಡಿಗೆ ಹೋಗು ಅಂದರೆ ಅಳುತ್ತಾನೆ, ಸೊಸೈಟಿ ಹುಡುಗರ ಜೊತೆ ಆಡಲ್ಲ, ನಾಯಿ ಕಂಡರೆ ಓಡುತ್ತಾನೆ, ಅವರಪ್ಪ ‘ಪುಕ್ಕಲ’ ಅಂತಾರೆ ಅಂತ ಬರೆದಿದ್ದೀರಿ. ನಾನೂ ಡೊಂಬಿವಲಿಯವಳೇ. ಮಗಳನ್ನು ಇಲ್ಲೇ ಬೆಳೆಸಿದೆ, ಈಗ ಲೋಕಲ್ ರೈಲು ಹಿಡಿದು ಕಾಲೇಜಿಗೆ ಹೋಗುತ್ತಾಳೆ.

ಮೊದಲು ಆ ‘ಪುಕ್ಕಲ’ ನಿಲ್ಲಬೇಕು. ಅವರಪ್ಪನಿಗೆ ಇದನ್ನು ಓದಿ ಹೇಳಿ. ‘ಹೆದರಬೇಡ’ ಅನ್ನುವುದನ್ನೂ ಕಡಿಮೆ ಮಾಡಿ, ಹೆದರಿಕೆ ಮಾತು ಕೇಳಲ್ಲ. ಹೆದರುತ್ತಲೇ ಒಂದು ಸಣ್ಣ ಕೆಲಸ ಮಾಡಿ ಮುಗಿಸಿದರೆ ಮುಂದಿನ ಸಲ ಸ್ವಲ್ಪ ಇಳಿಯುತ್ತದೆ. ತಪ್ಪಿಸಿಕೊಂಡರೆ ಆಗಿನ ಮಟ್ಟಿಗೆ ಹಾಯೆನಿಸುತ್ತದೆ, ಹೆದರಿಕೆ ಮಾತ್ರ ಹಾಗೇ ಇರುತ್ತದೆ. ಪಾಪ ಅಂತ ಅವನ ಬದಲು ನಾವೇ ಮಾತಾಡಿಬಿಡ್ತೀವಲ್ಲ, ಅದೂ ತಪ್ಪಿಸಿಕೊಳ್ಳಲು ಬಿಟ್ಟ ಹಾಗೆಯೇ.

ಹಾಗಂತ ಏಕದಂ ಒಬ್ಬನನ್ನೇ ಅಟ್ಟಬೇಡಿ. ನನ್ನ ಮಗಳಿಗೆ ಮೊದಲು ದುಡ್ಡು ಕೊಡುವ ಕೆಲಸ ಅಷ್ಟೇ, ನಾನು ಪಕ್ಕದಲ್ಲಿ. ಆಮೇಲೆ ಮಾತೂ ಅವಳದೇ. ಆಮೇಲೆ ನಾನು ಗೇಟಿನ ಹತ್ತಿರ, ಕೊನೆಗೆ ಬಾಲ್ಕನಿಯಲ್ಲಿ. ‘ಕಾಕಾ, ದಹಾ ರುಪಯಾಂಚಿ ಕೋಥಿಂಬೀರ್ ದ್ಯಾ’, ಅಂದರೆ ಹತ್ತು ರೂಪಾಯಿ ಕೊತ್ತಂಬರಿ ಕೊಡಿ, ಅಂತ ಮನೆಯಲ್ಲೇ ಮರಾಠಿಯಲ್ಲಿ ಬಾಯಿಪಾಠ ಮಾಡಿಸಿದ್ದೆ. ಆದರೆ ಕಷ್ಟ ಇದ್ದದ್ದು ಮರಾಠಿಯಲ್ಲಲ್ಲ. ಸಂಜೆ ತರಕಾರಿ ಗಾಡಿ ಮುಂದೆ ಆಫೀಸಿಂದ ಬಂದವರ ಗುಂಪು. ಮುಷ್ಟಿಯಲ್ಲಿ ನೋಟು ಹಿಡಿದು ನಿಂತ ಮಗುವಿನ ತಲೆ ಮೇಲಿಂದಲೇ ಕೈ ಚಾಚಿ ಮೆಂತ್ಯ, ಪಾಲಕ್ ತಗೊಂಡು ಹೋಗುತ್ತಾರೆ. ಮಗು ಇದೆ ಅಂತಲೇ ಯಾರಿಗೂ ಕಾಣಲ್ಲ. ಒಂದು ಸಂಜೆ ಬೆವರಲ್ಲಿ ಒದ್ದೆಯಾದ ನೋಟು ಹಿಡಿದುಕೊಂಡು ಬರಿಗೈಲಿ ವಾಪಸ್ ಬಂದಳು. ಆಗ ಇನ್ನೊಂದು ಮಾತು ಕಲಿಸಿದೆ: ‘ಮಾಝಾ ನಂಬರ್ ಆಧಿ ಆಹೇ.’ ನನ್ನ ಸರದಿ ಮೊದಲು ಅಂತ. ಅಡುಗೆಮನೆಯಲ್ಲಿ ನಾನೇ ನುಗ್ಗುವ ಆಂಟಿಯಾದೆ, ಅವಳು ಜೋರಾಗಿ ಹೇಳುವವರೆಗೂ ಬಿಡಲಿಲ್ಲ. ಮರುದಿನ ಗಾಡಿ ಮುಂದೆ ಹೇಳಿದಳಂತೆ. ಭಾಜಿವಾಲಾ ನಕ್ಕು ಒಂದು ಹಿಡಿ ಕರಿಬೇವು ಜಾಸ್ತಿ ಹಾಕಿದ್ದ. ಬ್ಯಾಂಕಿನ ಸಾಲಲ್ಲಿ ನಿಂತ ಎಷ್ಟೋ ದೊಡ್ಡವರಿಗೇ ಆ ಮಾತು ಬಾಯಿಂದ ಹೊರಡಲ್ಲ, ಅಲ್ವಾ?

ಚಿಲ್ಲರೆ ಕಡಿಮೆ ತಂದರೆ, ಬಾಡಿದ ಸೊಪ್ಪು ತಂದರೆ ಗದರಬೇಡಿ. ಹೋದರೆ ಐದು ರೂಪಾಯಿ ಹೋಗುತ್ತದೆ.

ನಾಯಿ ವಿಷಯಕ್ಕೆ ಜೊತೆಯ ಮಕ್ಕಳೇ ಮದ್ದು. 1967ರಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಜೊತೆಯವರು ನಾಯಿಗೆ ಹೆದರುವ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದ್ದರು. ತಮ್ಮಂಥದೇ ಇನ್ನೊಂದು ಮಗು ಸ್ವಲ್ಪ ಸ್ವಲ್ಪವಾಗಿ ನಾಯಿಯ ಹತ್ತಿರ ಹೋಗಿ ಆಡುವುದನ್ನು ದಿನವೂ ನೋಡಿದ ಮಕ್ಕಳ ಹೆದರಿಕೆ ಎಷ್ಟೋ ಕಡಿಮೆಯಾಗಿತ್ತು. ನಿಮ್ಮ ಬಿಲ್ಡಿಂಗ್‌ನಲ್ಲಿ ನಾಯಿ ಸಾಕಿದ ಮನೆಯ ಮಗು ಯಾವುದಾದರೂ ಇದೆಯಾ ನೋಡಿ. ಬೀದಿನಾಯಿಯಿಂದ ದೂರ ಇರುವುದು ಪುಕ್ಕಲುತನ ಅಲ್ಲ, ಬುದ್ಧಿ. ಕಚ್ಚಿದರೆ, ಬರೀ ಪರಚಿದರೂ, ಬೈತಾರೆ ಅಂತ ಮುಚ್ಚಿಡದೆ ಬಂದು ಹೇಳಬೇಕು ಅನ್ನುವುದನ್ನು ಮಾತ್ರ ಈಗಲೇ ಹೇಳಿಡಿ. 15 ನಿಮಿಷ ಸೋಪು ನೀರಲ್ಲಿ ತೊಳೆದು, ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ.

ಇನ್ನೊಂದು, ನಮ್ಮವರಲ್ಲಿ ಜಾಸ್ತಿ. ‘ಊಟ ಮಾಡದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾನೆ’ ಅಂತ ಹೆದರಿಸುವುದು. ಆಮೇಲೆ ದಾದರ್ ಸ್ಟೇಷನ್ನಿನ ಗುಂಪಲ್ಲಿ ಕೈ ತಪ್ಪಿದರೆ ಆ ಮಗು ಯಾರ ಹತ್ತಿರ ಹೋಗಬೇಕು? ಖಾಕಿ ಕಂಡರೆ ಬಚ್ಚಿಟ್ಟುಕೊಳ್ಳುತ್ತದೆ. ಸ್ಟೇಷನ್ನಿಗೆ ಹೋದಾಗ ರೈಲ್ವೆ ಪೊಲೀಸರನ್ನು ತೋರಿಸಿ, ‘ಸಮಯ ಎಷ್ಟಾಯ್ತು’ ಅಂತ ಅವನಿಂದಲೇ ಕೇಳಿಸಿ. ನಿಮ್ಮ ಫೋನ್ ನಂಬರ್ ಬಾಯಿಪಾಠ ಇರಲಿ, 1098 ಕೂಡ. ಮಕ್ಕಳ ಆ ಸಹಾಯವಾಣಿ 1996ರಲ್ಲಿ ಶುರುವಾಗಿದ್ದೇ ನಮ್ಮ ಮುಂಬೈಯಲ್ಲಿ.

ಧೈರ್ಯ ಬರಲಿ ಅಂತ ಓಡುವ ಲೋಕಲ್ ಹತ್ತಿಸುವ, ದಹಿಹಂಡಿಯಲ್ಲಿ ಮೊಸರು ಗಡಿಗೆ ಒಡೆಯುವ ಮಾನವ ಗೋಪುರದ ಮೇಲಿನ ಸಾಲಿಗೆ ಮಗುವನ್ನು ಏರಿಸುವ ಅಪ್ಪಂದಿರನ್ನೂ ನೋಡಿದ್ದೇನೆ. ಅದರ ಬಗ್ಗೆ ನನಗೆ ಒಳ್ಳೆ ಮಾತಿಲ್ಲ.

ಮನೆಯಲ್ಲಿ ಪಟಪಟ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ತುಟಿಯೇ ಬಿಚ್ಚದಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಲೇಬೇಕು. ನಿಮ್ಮವನಿಗೆ ಭಾಷೆಯೂ ಹೊಸದು, ಹಾಗಾಗಿ ಈಗಲೇ ಗಾಬರಿ ಬೇಡ. ಕೆಳಗೆ ಕ್ರಿಕೆಟ್ ಆಡುವ ಹುಡುಗರಲ್ಲಿ ಒಬ್ಬನನ್ನು ಮನೆಗೆ ಕರೆಯಿರಿ. ಹತ್ತು ಜನರ ಮಧ್ಯೆ ನುಗ್ಗುವುದಕ್ಕಿಂತ ಒಬ್ಬನ ಜೊತೆ ಇಳಿದು ಹೋಗುವುದು ಸುಲಭ. ಹೇಗೂ ಧಾರವಾಡದವರು, ಗಿರ್ಮಿಟ್ ಮಾಡಿ ಕೊಡಿ. ಮರುದಿನ ಆ ಹುಡುಗ ಕರೆಯದೇ ಬಂದು ಬೆಲ್ ಒತ್ತುತ್ತಾನೆ.