ಇಬ್ಬರಿಗೂ ಪರಿಚಿತರಾದವರು ವ್ಯಾಪಾರ ಪಾಲುದಾರರ ಜಗಳಕ್ಕೆ ಮಧ್ಯಸ್ಥಿಕೆ ವಹಿಸಬಹುದೇ?

ಧಾರಾಳವಾಗಿ ವಹಿಸಬಹುದು. ಆದರೆ ಮಧ್ಯಸ್ಥರು ಒಬ್ಬ ಪಾಲುದಾರನಿಗೆ ಸಾಲ ಕೊಟ್ಟಿದ್ದರೆ, ಅಥವಾ ಆ ಸಂಸ್ಥೆಯೊಂದಿಗೆ ವ್ಯವಹಾರ ಇಟ್ಟುಕೊಂಡಿದ್ದರೆ, ಮೊದಲೇ ಇಬ್ಬರೆದುರು ಹೇಳಿಬಿಡಬೇಕು. ಅದನ್ನು ಕೇಳಿದ ಮೇಲೂ ಇಬ್ಬರೂ ಒಪ್ಪಿದರಷ್ಟೇ ಮುಂದಿನ ಮಾತು. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ.

ನನ್ನ ಪ್ರಕಾರ ನಿಜವಾದ ಪರೀಕ್ಷೆ ಇರುವುದು ಪ್ರತ್ಯೇಕ ಮಾತುಕತೆಯಲ್ಲಿ. ಒಬ್ಬರನ್ನೇ ಕೂರಿಸಿಕೊಂಡು ವಿಚಾರಿಸಿದಾಗ, “ಎಷ್ಟು ಕೊಟ್ಟರೂ ಸರಿ, ಪಾಲು ಬಿಟ್ಟು ಹೊರಡುತ್ತೇನೆ” ಎಂಬ ಮಾತು ಬಾಯಿಂದ ಬಂದುಬಿಡಬಹುದು. ಅನುಮತಿಯಿಲ್ಲದೆ ಅದು ಎದುರಾಳಿಯ ಕಿವಿಗೆ ಬಿದ್ದರೆ ಆ ಪಾಲಿನ ಬೆಲೆ ಅಲ್ಲೇ ಕುಸಿಯುತ್ತದೆ. ಇದು ಶುದ್ಧ ಅನ್ಯಾಯ. ಲೆಕ್ಕಪುಸ್ತಕವನ್ನು ಮಾತ್ರ ಇಬ್ಬರ ಮುಂದೆಯೂ ತೆರೆದೇ ಇಡಬೇಕು. ಒಪ್ಪಂದವಾದರೆ ಯಾರು, ಎಷ್ಟು, ಯಾವ ದಿನಾಂಕದೊಳಗೆ ಕೊಡಬೇಕೆಂದು ಬರೆದು ಸಹಿ ಹಾಕಿಸಿ.