ಮೂರೇ ಮೆಟ್ಲು, ಅಣ್ಣ ಮಾತ್ರ ಹೊರಗೆ

ಪ್ರಶ್ನೆ: ನಮ್ ಬಡಾವಣೆ ಸಮುದಾಯ ಭವನಕ್ಕೆ ಇರೋದು ಮೂರೇ ಮೆಟ್ಲು, ಆದ್ರೆ ಅಣ್ಣ ವೀಲ್‌ಚೇರಲ್ಲಿ. ಗಣಪತಿ ಹಬ್ಬಕ್ಕೆ ಹೋದ್ರೆ ಕಮಿಟಿಯವ್ರು 'ನಾಲ್ಕ್ ಜನ ಎತ್ಕೊಂಡ್ ಹೋಗ್ತೀವಿ ಬಿಡ್ರಿ' ಅಂತಾರೆ, ಅಣ್ಣಂಗೆ ಅದು ಹಿಡಿಸಲ್ಲ. ಏನ್ ಮಾಡ್ಲಿ?
— ಓದುಗರು, ಶಿವಮೊಗ್ಗ

ಉತ್ತರ: ಎತ್ಕೊಂಡ್ ಹೋಗೋಕೆ ಅಣ್ಣ ಏನು ಉತ್ಸವಮೂರ್ತಿನಾ ಮಾರಾಯ್ರೆ! ಪ್ರೀತಿಯಿಂದ್ಲೇ ಹೇಳಿರ್ತಾರೆ, ಆದ್ರೆ ಊಟ ಮುಗಿಸಿ ಇಳಿಯೋಕೆ ಮತ್ತೆ ಅದೇ ನಾಲ್ಕು ಜನಾನ ಹುಡುಕ್ಬೇಕಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೇಲಿ ಸಾರ್ವಜನಿಕ ಕಟ್ಟಡ ಅಂದ್ರೆ ಸರ್ಕಾರದ್ದು ಮಾತ್ರ ಅಲ್ಲ, ಜನ ಬಂದು ಹೋಗೋ ಖಾಸಗಿ ಕಟ್ಟಡಾನೂ ಸೇರುತ್ತೆ, ಇದನ್ನ ಕಮಿಟಿ ಮೀಟಿಂಗಲ್ಲಿ ಓದಿ ಹೇಳಿ. ರ‍್ಯಾಂಪ್ (ವೀಲ್‌ಚೇರ್ ಹತ್ತೋ ಇಳಿಜಾರು ದಾರಿ) ಅಂತ ಒಂದು ಹಲಗೆ ಇಟ್ಬಿಡ್ತಾರೆ ನೋಡಿ, ಅದು ಜಾರುಬಂಡೆ ಅಷ್ಟೇ. ಲೆಕ್ಕ 1:12, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅಂದ್ರೆ ಮೂರು ಮೆಟ್ಲು ಸೇರಿ ಒಂದೂವರೆ ಅಡಿ ಎತ್ತರ ಇದ್ರೆ 18 ಅಡಿ ಉದ್ದ ಬೇಕು, ಜಾಗ ಸಾಲ್ದಿದ್ರೆ ತಿರುಗಿಸಿ ಕಟ್ಟಿ, ತಿರುವಲ್ಲಿ ವೀಲ್‌ಚೇರ್ ತಿರುಗೋಷ್ಟು ಸಮತಟ್ಟು ಜಾಗ ಬಿಡಿ. ನಮ್ಮೂರ ಮಳೆಗೆ ಪಾಲಿಶ್ ಗ್ರಾನೈಟ್ ಅಂತೂ ಬೇಡವೇ ಬೇಡ, ಆಷಾಢದಲ್ಲಿ ಪಾಚಿ ಕಟ್ಟಿದ್ರೆ ನಡೆಯೋರೇ ಬೀಳ್ತಾರೆ. ಗೀರು ಹಾಕಿದ ಸಿಮೆಂಟು, ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ. ಟಾಯ್ಲೆಟ್ ಬಾಗ್ಲಿನ ಅಗಲಾನೂ ಅಳೀರಿ, ಅದನ್ನ ಎಲ್ರೂ ಮರೀತಾರೆ. ಕಮಿಟಿ ಕೇಳ್ದಿದ್ರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೀಬಹುದು. ಅದಕ್ಕೂ ಮುಂಚೆ ಅಣ್ಣನ್ನೇ ಕಮಿಟಿಗೆ ಸೇರ್ಸಿ, ಟೇಪು ಅವ್ರ ಕೈಲೇ ಇರ್ಲಿ.