ಕಲ್ಲು ಬಿಸ್ಕತ್ತು, ಹಾಲಿಲ್ಲದ ಕಾಫಿ

ಪ್ರಶ್ನೆ: ಸಿನಿಮಾದಲ್ಲಿ ಅಮೆರಿಕದ ಅಂತರ್ಯುದ್ಧ ಅಂದ್ರೆ ಬರೀ ಢಂ ಢಂ. ಕಾದಾಟ ಇಲ್ಲದ ದಿನ ಆ ಸಿಪಾಯಿಗಳು ಏನು ಮಾಡ್ತಿದ್ರು? ನಾನು ಕಾಫಿ ಬೆಳೆಗಾರ. ಅವರಿಗೆ ಕಾಫಿ ಸಿಗ್ತಿತ್ತಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಸಿಗುತ್ತಿತ್ತು ಸ್ವಾಮಿ, ಅದೂ ಧಾರಾಳವಾಗಿ! ಆದರೆ ಉತ್ತರದವರಿಗೆ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾಗಹೊರಟ ದಕ್ಷಿಣದ ರಾಜ್ಯಗಳಿಗೂ ಉತ್ತರದ ಸರ್ಕಾರಕ್ಕೂ 1861ರಿಂದ 1865ರವರೆಗೆ ನಡೆದ ಯುದ್ಧ ಅದು. ನಾಲ್ಕು ವರ್ಷ ದಿನಾ ಗುಂಡು ಹಾರಿಸುತ್ತಾ ಇರೋಕಾಗುತ್ತಾ? ಚಳಿಗಾಲ ಬಂತೆಂದರೆ ರಸ್ತೆಯೆಲ್ಲ ಕೆಸರು, ಫಿರಂಗಿ ಗಾಡಿ ಹೂತುಹೋಗುತ್ತಿತ್ತು, ಹಾಗಾಗಿ ಎರಡೂ ಕಡೆಯವರು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಬಿಡಾರ ಹೂಡುತ್ತಿದ್ದರು. ಮರದ ದಿಮ್ಮಿ ಪೇರಿಸಿ, ಸಂದಿಗೆ ಮಣ್ಣು ಮೆತ್ತಿ, ಮೇಲೆ ಡೇರೆ ಬಟ್ಟೆ ಎಳೆದರೆ ಮನೆ ರೆಡಿ. ಹೊಗೆ ಹೋಗಲು ತಳ ತೆಗೆದ ಮರದ ಪೀಪಾಯಿ. ಎಷ್ಟೋ ಸಲ ಆ ಪೀಪಾಯಿಗೇ ಬೆಂಕಿ ಹತ್ತಿಕೊಳ್ಳುತ್ತಿತ್ತು.

ದಿನಚರಿ ಮಹಾ ಬೇಜಾರಿನದು. ಬೆಳಗಿನ ಜಾವ ಕಹಳೆ, ಹಾಜರಿ, ಕವಾಯತು. ಊಟ ಮಾಡಿ ಮತ್ತೆ ಕವಾಯತು. ಆಗಿನ ಬಂದೂಕಿಗೆ ಪ್ರತಿ ಸಲ ಮೂತಿಯಿಂದ ಮದ್ದು, ಗುಂಡು ತುಂಬಿ ಸಲಾಕೆಯಿಂದ ಜಡಿಯಬೇಕಿತ್ತು. ಕೈಗೆ ತಾನಾಗೇ ಬರುವಷ್ಟು ರೂಢಿ ಇಲ್ಲದಿದ್ದರೆ ಗಲಾಟೆಯಲ್ಲಿ ಎಲ್ಲ ಮರೆತೇ ಹೋಗುತ್ತದೆ, ಅಲ್ವಾ? ಬಿಡುವಿದ್ದಾಗ ಇಸ್ಪೀಟು, ಬೇಸ್‌ಬಾಲ್, ಹಿಮ ಬಿದ್ದರೆ ಪಡೆಗೆ ಪಡೆಯೇ ನಿಂತು ಹಿಮದುಂಡೆಯ ಕಾಳಗ. ಬಟ್ಟೆಯಲ್ಲಿ ಸಿಕ್ಕ ಕೂರೆಗಳನ್ನು ತಟ್ಟೆಯಲ್ಲಿ ಬಿಟ್ಟು ರೇಸ್ ಕಟ್ಟುತ್ತಿದ್ದರು, ದುಡ್ಡು ಹಾಕಿ!

ಊಟಕ್ಕೆ ಉಪ್ಪು ಹಾಕಿದ ಹಂದಿಮಾಂಸ ಮತ್ತು ಹಾರ್ಡ್‌ಟ್ಯಾಕ್. ಬರೀ ಹಿಟ್ಟು, ನೀರಿನ ಬಿಸ್ಕತ್ತು, ಅಂಗೈಗಿಂತ ಚಿಕ್ಕದು, ಅರ್ಧ ಇಂಚು ದಪ್ಪ, ಕಲ್ಲಿನಂತೆ ಗಟ್ಟಿ. ಬಂದೂಕಿನ ಹಿಡಿಯಿಂದ ಕುಟ್ಟಿ ಕಾಫಿಗೆ ಹಾಕುತ್ತಿದ್ದರು. ಒಳಗಿನ ಹುಳ ಮೇಲೆ ತೇಲುತ್ತಿತ್ತು. ಚಮಚದಲ್ಲಿ ತೆಗೆದು ಚೆಲ್ಲಿ ಕುಡಿಯುವುದು, ಅಷ್ಟೇ.

ಇನ್ನು ನಿಮ್ಮ ಕಾಫಿ. ನೂರು ಜನರ ಒಂದು ದಿನದ ಪಡಿತರಕ್ಕೆ 10 ಪೌಂಡ್ ಹಸಿ ಬೀಜ. ಲೆಕ್ಕ ಹಾಕಿ, ಒಬ್ಬನಿಗೆ ವರ್ಷಕ್ಕೆ ಹದಿನಾರು ಕಿಲೋ ಮೇಲಾಯಿತು. ನಮ್ಮಲ್ಲಿ ಎಷ್ಟು ಮನೆಗೆ ಅಷ್ಟು ಬರುತ್ತೆ? ಹಂಚುವ ರೀತಿ ನೋಡಿ: ನೆಲದ ಮೇಲೆ ರಬ್ಬರ್ ಹೊದಿಕೆ ಹಾಸಿ, ಎಷ್ಟು ಜನವೋ ಅಷ್ಟು ಗುಡ್ಡೆ ಮಾಡುವುದು. ಒಂದು ಗುಡ್ಡೆಯಲ್ಲಿ ನಾಲ್ಕು ಕಾಳು ಜಾಸ್ತಿ ಎಂದು ಜಗಳ ಬರಬಾರದಲ್ಲ, ಅದಕ್ಕೆ ಒಬ್ಬ ಬೆನ್ನು ತಿರುಗಿಸಿ ನಿಂತು ಹೆಸರು ಕೂಗುತ್ತಿದ್ದ, ಇನ್ನೊಬ್ಬ ಗುಡ್ಡೆ ತೋರಿಸುತ್ತಿದ್ದ. ಹಾಲಿಲ್ಲ, ಫಿಲ್ಟರ್ ಇಲ್ಲ. ತಗಡಿನ ಲೋಟದಲ್ಲಿ ಕುದಿಸಿ, ಗಷ್ಟು ಕೆಳಗಿಳಿಯುವ ತನಕ ಕಾಯುವುದು.

ದಕ್ಷಿಣದವರ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿತ್ತು. ಪಾಪ, ಅವರು ಕಡಲೆಕಾಯಿ, ಚಿಕೋರಿ, ಗೆಣಸು ಹುರಿದು ಕಷಾಯ ಕುಡಿಯಬೇಕಾಯಿತು. ಆದರೆ ಅವರ ಹತ್ತಿರ ತಂಬಾಕು ಬೇಕಾದಷ್ಟಿತ್ತು. 1862ರ ಡಿಸೆಂಬರ್‌ನಲ್ಲಿ ವರ್ಜೀನಿಯಾ ರಾಜ್ಯದ ಫ್ರೆಡರಿಕ್ಸ್‌ಬರ್ಗ್ ಊರಿನ ಕಾಳಗದಲ್ಲಿ ಸಾವಿರಾರು ಜನ ಬಿದ್ದರು. ಅದೇ ಚಳಿಗಾಲ ರ‍್ಯಾಪಹ್ಯಾನಕ್ ನದಿಯ ಆಚೆ ಈಚೆ ಕಾವಲು ನಿಂತವರು ಪುಟ್ಟ ಹಲಗೆ ದೋಣಿಗೆ ಹಾಯಿ ಕಟ್ಟಿ, ಈ ಕಡೆಯಿಂದ ಕಾಫಿ, ಆ ಕಡೆಯಿಂದ ತಂಬಾಕು, ಜೊತೆಗೆ ಹಳೇ ಪತ್ರಿಕೆ ತೇಲಿಬಿಡುತ್ತಿದ್ದರು. ಮೇಲಿನವರು ಬೇಡ ಅಂದರೂ ನಡೆಯುತ್ತಲೇ ಇತ್ತು.

ಪ್ರಶ್ನೆ: ನಾನು ನರ್ಸ್. ಆ ಯುದ್ಧದಲ್ಲಿ ಗುಂಡಿಗಿಂತ ಕಾಯಿಲೆಗೇ ಹೆಚ್ಚು ಜನ ಸತ್ತರಂತೆ, ನಿಜವೇ?
– ಓದುಗರು, ಮಂಗಳೂರು

ಉತ್ತರ: ನಿಜ ಸಿಸ್ಟರ್. ಬಹಳ ಕಾಲ ಒಪ್ಪಿದ ಲೆಕ್ಕದ ಪ್ರಕಾರ ಸತ್ತವರು ಸುಮಾರು 6,20,000. ಅದರಲ್ಲಿ ಮೂರರಲ್ಲಿ ಎರಡು ಪಾಲು ಕಾಯಿಲೆಯಿಂದ. ಹಳ್ಳಿ ಹುಡುಗರು ಚಿಕ್ಕಂದಿನಲ್ಲಿ ದಡಾರ ಕಂಡವರಲ್ಲ, ಬಿಡಾರಕ್ಕೆ ಬಂದ ಮೊದಲ ತಿಂಗಳಲ್ಲೇ ಮಲಗಿಬಿಡುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಭೇದಿ ಮತ್ತು ಟೈಫಾಯ್ಡ್. ಕಕ್ಕಸಿಗೆಂದು ಕಾಲುವೆ ತೋಡಬೇಕು, ದಿನಾ ಮಣ್ಣು ಮುಚ್ಚಬೇಕು ಎಂಬ ನಿಯಮ ಇತ್ತು. ಆದರೆ ನಾಚಿಕೆಗೋ ಸೋಮಾರಿತನಕ್ಕೋ ಜನ ಪೊದೆ ಹಿಂದೆ ಹೋಗುತ್ತಿದ್ದರು, ಅದರ ಕೆಳಗಿನ ಹಳ್ಳದ ನೀರನ್ನೇ ಕುಡಿಯುತ್ತಿದ್ದರು. ರೋಗಾಣು ಎಂಬ ಮಾತೇ ಆಗಿನ ವೈದ್ಯರಿಗೆ ಹೊಸದು. ನೀರು ಕುದಿಸಿ ಮಾಡುವ ಕಾಫಿಯೇ ಎಷ್ಟೋ ಜನರನ್ನು ಉಳಿಸಿರಬೇಕು ಅಂತ ನನಗನ್ನಿಸುತ್ತದೆ.

ಪ್ರಶ್ನೆ: ಅಲ್ಲಿನ ಯುದ್ಧಕ್ಕೂ ನಮ್ಮ ಧಾರವಾಡ ಸೀಮೆಗೂ ಏನಾದರೂ ನಂಟು?
– ಓದುಗರು, ಹುಬ್ಬಳ್ಳಿ

ಉತ್ತರ: ಇದೆ, ಹತ್ತಿ. ಅಮೆರಿಕದ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ಕಡೆ ತಿರುಗಿದವು, ಬೆಲೆ ಗಗನಕ್ಕೇರಿತು. ನಿಮ್ಮ ಕಡೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು, ಅದಕ್ಕೇ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ದಬಕ್ಕನೆ ಬಿತ್ತು, ಮುಂಬೈ ವ್ಯಾಪಾರಿಗಳು ದಿವಾಳಿ.

ಪ್ರಶ್ನೆ: ನಾನು ನಿವೃತ್ತ ಯೋಧ. ಮನೆಯ ಕಾಗದಕ್ಕೆ ಕಾಯುವುದೇ ನಮಗೆ ದೊಡ್ಡ ಕೆಲಸವಾಗಿತ್ತು. ಅವರಿಗೆ ಅಂಚೆ, ಸಂಬಳ ಹೇಗೆ?
– ಓದುಗರು, ಮಡಿಕೇರಿ

ಉತ್ತರ: ಸರ್, ನಿಮ್ಮ ಮುಂದೆ ಸೈನ್ಯದ ಮಾತಾಡಲು ಸಂಕೋಚ. ಸಂಬಳ ಉತ್ತರದ ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಅದೂ ತಿಂಗಳುಗಟ್ಟಲೆ ತಡ. ಕಪ್ಪು ಸಿಪಾಯಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಕಪ್ಪು ಸಿಪಾಯಿಗಳದೇ ಆದ ಮ್ಯಾಸಚೂಸೆಟ್ಸ್‌ ರಾಜ್ಯದ 54ನೇ ಪಡೆಯವರು ಸಮ ಸಂಬಳ ಕೊಡುವ ತನಕ ಒಂದು ಕಾಸೂ ಮುಟ್ಟುವುದಿಲ್ಲ ಎಂದು ಕೂತರು, ಹಾಗೇ ಕಾದಾಡಿದರು ಕೂಡ. 1864ರ ಜೂನ್‌ನಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಸಮ ಮಾಡಿತು.

ಅಂಚೆಚೀಟಿ ಬೆವರು, ಮಳೆಗೆ ಜೇಬಿನಲ್ಲೇ ಅಂಟಿಕೊಳ್ಳುತ್ತಿತ್ತು. 1861ರಿಂದ ಉತ್ತರದ ಸಿಪಾಯಿ ಚೀಟಿ ಇಲ್ಲದೆಯೇ ಕಾಗದ ಹಾಕಬಹುದಿತ್ತು, ದುಡ್ಡು ಮನೆಯವರು ಕೊಡಬೇಕು. ಬರೆಯಲು ಬಾರದವರಿಗೆ ಪಕ್ಕದ ಡೇರೆಯವನೇ ಬರೆದುಕೊಡುತ್ತಿದ್ದ. ಹರಿದ ಅಂಗಿ ಹೊಲಿಯಲು ಸೂಜಿ, ದಾರ, ಗುಂಡಿ ಇಟ್ಟ ಪುಟ್ಟ ಬಟ್ಟೆ ಚೀಲ ಒಂದು ಎಲ್ಲರ ಬಳಿ ಇರುತ್ತಿತ್ತು. ಅದಕ್ಕೆ ಅವರು ಇಟ್ಟ ಹೆಸರು ಹೌಸ್‌ವೈಫ್! ನಿಮ್ಮ ಕಾಲದ ಕಿಟ್‌ನಲ್ಲಿ ಅಂಥದ್ದಕ್ಕೆ ಏನನ್ನುತ್ತಿದ್ದಿರಿ ಸರ್? ಬರೆದು ತಿಳಿಸಿ.